ಟ್ಯಾಬ್ ಬೇಡವೆಂದ ಪೋಷಕರೊಂದಿಗೆ

ಅರಸೀಕೆರೆ ಸೀಮೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಆರರಿಂದ ಎಂಟನೇ ತರಗತಿಯವರೆಗೆ ವಿಜ್ಞಾನ, ಗಣಿತ ಕಲಿಸುತ್ತೇನೆ. ದಾನಿಗಳ ನೆರವಿನಿಂದ ಪ್ರೊಜೆಕ್ಟರ್ ಮತ್ತು ಕೆಲವು ಟ್ಯಾಬ್‌ಗಳು ಬಂದ ವರ್ಷ ಊರಿನಲ್ಲಿ ಸಂತೋಷಕ್ಕಿಂತ ಗೊಣಗಾಟವೇ ಹೆಚ್ಚು ಕೇಳಿಸಿತು. ಪೋಷಕರೇ ಹೆಚ್ಚಾಗಿರುವ ಶಾಲಾ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಒಬ್ಬ ತಾಯಿ ಎದ್ದು ನಿಂತು, "ಮೊಬೈಲ್ ಬಿಡು ಬಿಡು ಎಂದು ಮನೆಯಲ್ಲಿ ಬಾಯಿ ಬಡಿದುಕೊಳ್ಳುತ್ತೇವೆ. ಶಾಲೆಯಲ್ಲಿ ನೀವೇ ಕೈಗೆ ಕೊಟ್ಟರೆ ನಮ್ಮ ಮಾತು ಯಾರು ಕೇಳುತ್ತಾರೆ ಮೇಡಂ?" ಎಂದು ಕೇಳಿದರು.

ಇಂಥ ಮಾತಿಗೆ ಶಿಕ್ಷಕರ ಬಳಗದಲ್ಲಿ ಸಿದ್ಧ ಉತ್ತರವಿದೆ: ಹಳ್ಳಿಯವರಿಗೆ ತಿಳಿವಳಿಕೆ ಸಾಲದು, ಜಾಗೃತಿ ಮೂಡಿಸಬೇಕು. ನನಗೆ ಇದು ಎಂದೂ ಒಪ್ಪಿಗೆಯಾಗಿಲ್ಲ. ಪರದೆಯ ಮೇಲಿನ ಪಾಠ ಹೇಗಿರುತ್ತದೆ ಎಂಬುದನ್ನು ಈ ತಂದೆ ತಾಯಂದಿರು ಕೊರೊನಾದಿಂದ ಶಾಲೆ ಮುಚ್ಚಿದ್ದ 2020ರಲ್ಲಿ ತಮ್ಮ ಮನೆಯೊಳಗೇ ಕಂಡಿದ್ದಾರೆ. ಆ ಜೂನ್‌ನಲ್ಲಿ ಕಿರಿಯ ತರಗತಿಗಳ ಆನ್‌ಲೈನ್ ಪಾಠ ನಿಲ್ಲಿಸಲು ಸರ್ಕಾರ ಆದೇಶಿಸಿತು, ಜುಲೈನಲ್ಲಿ ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗಸ್ಟ್‌ನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಶುರುವಾಗಿ ಅಕ್ಟೋಬರ್‌ನಲ್ಲಿ ನಿಂತುಹೋಯಿತು. ದೊಡ್ಡವರೇ ಹೀಗೆ ಹಗ್ಗ ಜಗ್ಗುತ್ತಿದ್ದಾಗ ಮಕ್ಕಳ ಪಾಲಿಗೆ ಉಳಿದದ್ದು ಮನೆಗೊಂದು ಫೋನು. ಕಾಯಿ ಸುಲಿಯಲು ಹೋಗುವ ಅಪ್ಪ ಅದನ್ನು ಜೇಬಿಗಿಳಿಸಿ ಹೊರಟರೆ ಅಂದಿನ ಪಾಠ ಮುಗಿದಂತೆ. ಮನೆಯಲ್ಲೇ ಬಿಟ್ಟುಹೋದರೆ ಸಂಜೆಯ ಹೊತ್ತಿಗೆ ಡೇಟಾ ಖಾಲಿ, ಪಾಠವೂ ಆಗಿಲ್ಲ. ಇದನ್ನೆಲ್ಲ ಅನುಭವಿಸಿದವರಿಗೆ ನಾನು ಯಾವ ಜಾಗೃತಿ ಮೂಡಿಸಲಿ?

ಅದಕ್ಕೇ ಟ್ಯಾಬ್‌ಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿಸಿ, ಮೊದಲು ಮನೆಮನೆಗೆ ಹೋಗಿ ಮಾತನಾಡಿದೆ. ಹಗಲು ಯಾರೂ ಸಿಗುವುದಿಲ್ಲ, ದೀಪ ಹಚ್ಚುವ ಹೊತ್ತಿಗೆ ಹೋಗಬೇಕು. ಸಭೆಯಲ್ಲಿ "ಬೇಡ" ಎಂಬ ಒಂದೇ ಮಾತಾಗಿದ್ದದ್ದು ಜಗುಲಿಯ ಮೇಲೆ ಕುಳಿತಾಗ ಬೇರೆ ಬೇರೆ ಮಾತುಗಳಾದವು. ಹೆಣ್ಣುಮಕ್ಕಳ ತಾಯಂದಿರಿಗೆ ಗುರುತಿಲ್ಲದವರ ಕರೆ, ಸಂದೇಶಗಳ ಭಯ. ಕೆಲವರಿಗೆ ಮಕ್ಕಳ ಕೈಬರಹ ಕೆಟ್ಟಿತಲ್ಲ ಎಂಬ ಚಿಂತೆ. ವಾಟ್ಸ್‌ಆ್ಯಪ್ ಗುಂಪಿಗೆ ರಾತ್ರಿ ಹೋಮ್‌ವರ್ಕ್ ಬಂದರೆ ಅದನ್ನು ಓದಿ ಹೇಳಲು ಮನೆಯಲ್ಲಿ ಯಾರೂ ಇಲ್ಲ ಎಂದರು ಒಬ್ಬ ಅಜ್ಜಿ. ಶಾಲೆಯ ಕಾರ್ಯಕ್ರಮದ ಫೋಟೊಗಳಲ್ಲಿ ಮಗಳ ಮುಖ ಯಾರ ಯಾರ ಸ್ಟೇಟಸ್‌ನಲ್ಲೋ ಕಾಣುತ್ತದೆ ಎಂದು ಒಬ್ಬ ತಂದೆ ಸಿಟ್ಟಾಗಿದ್ದರು. ಆ ಸಿಟ್ಟು ನ್ಯಾಯವಾದದ್ದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಬೇಕು ಎನ್ನುತ್ತದೆ. ಅದನ್ನು ಓದದೆಯೂ ಅವರು ಅದನ್ನೇ ಕೇಳುತ್ತಿದ್ದರು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಮಹಿಳೆಯರಿರಬೇಕು. ಸಹಿ ಹಾಕಿಸಿಕೊಳ್ಳುವುದಕ್ಕೆ ಮಾತ್ರ ನೆನಪಾಗುವ ಈ ಸಮಿತಿಯ ಕೈಗೇ ಷರತ್ತುಗಳನ್ನು ಬಿಡೋಣ ಎಂದು ಮುಖ್ಯ ಶಿಕ್ಷಕರಲ್ಲಿ ಕೇಳಿಕೊಂಡೆ. ಅವರು ಒಪ್ಪಿದ್ದು ದೊಡ್ಡ ಉಪಕಾರ. ಷರತ್ತುಗಳು ತಾಯಂದಿರಿಂದಲೇ ಬಂದವು: ಟ್ಯಾಬ್ ಶಾಲೆಯ ಗೇಟು ದಾಟಬಾರದು, ಫೋನಿನಲ್ಲಿ ಹೋಮ್‌ವರ್ಕ್ ಕಳಿಸಬಾರದು, ಪರದೆಯಲ್ಲಿ ನೋಡಿದ್ದನ್ನು ಅದೇ ತರಗತಿಯಲ್ಲಿ ನೋಟ್‌ಬುಕ್ಕಿಗೆ ಬರೆಸಲೇಬೇಕು, ಕೇಳದೆ ಫೋಟೊ ಹಾಕಬಾರದು. ಪಠ್ಯಪುಸ್ತಕದಲ್ಲಿರುವ ದೀಕ್ಷಾ (ಸರ್ಕಾರದ ಆನ್‌ಲೈನ್ ಕಲಿಕಾ ತಾಣ) ಕ್ಯೂಆರ್ ಕೋಡ್‌ಗಳ ವಿಡಿಯೊಗಳನ್ನು ಶಾಲೆಯಲ್ಲೇ ತೋರಿಸುವುದು, ಮನೆಯಲ್ಲಿ ಸ್ಕ್ಯಾನ್ ಮಾಡಿ ಎಂದು ಹೇಳದಿರುವುದು ಎಂದೂ ತೀರ್ಮಾನವಾಯಿತು.

ಆದರೂ ಷರತ್ತಿನಿಂದ ನಂಬಿಕೆ ಹುಟ್ಟುವುದಿಲ್ಲ, ಕಣ್ಣಾರೆ ಕಾಣಬೇಕು. ಎಂಟನೇ ತರಗತಿಯ ಸೂಕ್ಷ್ಮಜೀವಿಗಳ ಪಾಠಕ್ಕೆ ಪೋಷಕರನ್ನೂ ಕರೆದೆ. ಮಕ್ಕಳು ನಮ್ಮ ಕೆರೆಯ ನೀರನ್ನು ಬಾಟಲಿಯಲ್ಲಿ ತಂದು, ಒಣಹುಲ್ಲು ಹಾಕಿ ಕೆಲವು ದಿನ ಇಟ್ಟಿದ್ದರು. ಅದರ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ಸೂಕ್ಷ್ಮದರ್ಶಕಕ್ಕೆ ಫೋನಿನ ಕ್ಯಾಮೆರಾ ಜೋಡಿಸಿ, ಪ್ರೊಜೆಕ್ಟರ್ ಹಾಕಿದೆ. ಮೊದಲು ಮಸುಕು ಮಸುಕಾದ ಬೆಳಕು, ಗಾಳಿಗುಳ್ಳೆಯ ಕಪ್ಪು ಉಂಗುರ. ತಿರುಪು ಸ್ವಲ್ಪ ತಿರುಗಿಸಿದಾಗ ಚಪ್ಪಲಿಯಾಕಾರದ ಪ್ಯಾರಮೀಸಿಯಂ ಒಂದು ಹೊರಳುತ್ತಾ ಗೋಡೆಯ ಈ ತುದಿಯಿಂದ ಆ ತುದಿಗೆ ಓಡಿತು. ಕೊಳೆತ ಹುಲ್ಲಿನ ಎಳೆಗೆ ತಾಗಿ, ಹಿಂದೆ ಸರಿದು, ಬೇರೆ ದಿಕ್ಕು ಹಿಡಿಯಿತು. ಹಿಂದೆ ಕುಳಿತಿದ್ದ ಅಜ್ಜಿ, "ಇದೇ ನೀರಲ್ಲವೇ ದನಕ್ಕೆ ಕುಡಿಸುವುದು?" ಎಂದು ಮುಂದಕ್ಕೆ ಬಾಗಿದರು. ಒಬ್ಬ ತಂದೆ, "ಇದಿಲ್ಲದಾಗ ಹೇಗೆ ತೋರಿಸುತ್ತಿದ್ದಿರಿ?" ಎಂದು ಕೇಳಿದರು. ಇರುವ ಒಂದೇ ಸೂಕ್ಷ್ಮದರ್ಶಕದ ಮುಂದೆ ಸಾಲು ನಿಲ್ಲಿಸುತ್ತಿದ್ದೆವು, ಮೂರನೆಯ ಮಗು ಕಣ್ಣಿಡುವಷ್ಟರಲ್ಲಿ ಆ ಜೀವಿ ಅಲ್ಲಿರುತ್ತಿರಲಿಲ್ಲ ಎಂದೆ. ಬಳಿಕ ಪ್ರೊಜೆಕ್ಟರ್ ಆರಿಸಿದೆ. ಕಂಡದ್ದನ್ನು ಮಕ್ಕಳು ಪೆನ್ಸಿಲ್ ಹಿಡಿದು ಬಿಡಿಸುವುದನ್ನು ಪೋಷಕರು ಎದ್ದು ಹೋಗಿ ನೋಡಿದರು. ಸಭೆಯಲ್ಲಿ ಪ್ರಶ್ನೆ ಕೇಳಿದ್ದ ತಾಯಿ ಹೊರಡುವಾಗ, "ಇದಕ್ಕಾದರೆ ಸರಿ ಮೇಡಂ. ಮನೆಗೆ ಮಾತ್ರ ಕಳಿಸಬೇಡಿ" ಎಂದರು.

ಯಂತ್ರ ಬಂದಿದೆ ಎಂಬ ಒಂದೇ ಕಾರಣಕ್ಕೆ ಬಳಸುವುದನ್ನು ನಾನೂ ಒಪ್ಪುವುದಿಲ್ಲ. ಕೋನ ಅಳೆಯುವುದನ್ನು ಕೋನಮಾಪಕದಿಂದಲೇ ಕಲಿಯಬೇಕು. ಗಣಕೀಕರಣದಲ್ಲಿ ಬಹಳ ಮುಂದೆ ಹೋಗಿದ್ದ ಸ್ವೀಡನ್ ಕೂಡ 2023ರಿಂದ ಮುದ್ರಿತ ಪುಸ್ತಕಗಳನ್ನು ತರಗತಿಗೆ ಮರಳಿ ತರಲು ಹಣ ಕೊಡತೊಡಗಿತು ಎಂದು ಸಹೋದ್ಯೋಗಿಗಳಿಗೆ ಹೇಳುತ್ತಿರುತ್ತೇನೆ. ನಮ್ಮ ಊರಿನ ತಾಯಂದಿರ ಚಿಂತೆ ಹಿಂದುಳಿದವರ ಚಿಂತೆ ಎನ್ನುವವರು ಇದನ್ನು ಗಮನಿಸಲಿ.

ಈ ನಡುವೆ ಕಲಿಕಾ ಆ್ಯಪ್‌ನ ಕಂಪನಿಯೊಂದು ಉಚಿತ ಪಾಠ ಕೊಡುತ್ತೇವೆಂದು ಬಂದು ಪೋಷಕರ ಫೋನ್ ಸಂಖ್ಯೆಗಳನ್ನು ಕೇಳಿತು. ಅಕ್ಕಪಕ್ಕದ ಊರುಗಳಲ್ಲಿ ಸಂಖ್ಯೆ ಕೊಟ್ಟವರಿಗೆ ಕಂತಿನಲ್ಲಿ ಕೋರ್ಸ್ ಕೊಳ್ಳಿ ಎಂಬ ಕರೆಗಳು ಬರುತ್ತಿದ್ದವು. ಸಮಿತಿಯ ಅಧ್ಯಕ್ಷರು ಕೂಡಲೇ ಬೇಡವೆಂದು ಬರೆದುಕೊಟ್ಟರು. ನಾನೊಬ್ಬಳೇ ನಿರ್ಧರಿಸಬೇಕಾಗಿದ್ದರೆ ಅಷ್ಟು ಗಟ್ಟಿಯಾಗಿ ಹೇಳುವುದು ಕಷ್ಟವಿತ್ತು.

ಫೋಟೊ ವಿಷಯಕ್ಕೆ ಸಿಟ್ಟಾಗಿದ್ದ ತಂದೆ ಟ್ಯಾಬ್‌ಗೆ ಇನ್ನೂ ಒಪ್ಪಿಲ್ಲ. ಅವರ ಅಸಮ್ಮತಿಯನ್ನು ಸಭೆಯ ನಡಾವಳಿಯಲ್ಲಿ ಅವರ ಮಾತಿನಲ್ಲೇ ಬರೆಸಿದ್ದೇನೆ. ಅವರ ಮಗಳು ಪ್ರೊಜೆಕ್ಟರ್ ಪಾಠಕ್ಕೆ ಎಲ್ಲರೊಂದಿಗೆ ಕೂರುತ್ತಾಳೆ. ಟ್ಯಾಬ್‌ನಲ್ಲಿ ಉಳಿದವರು ಕಟ್ಟುವ ವಿದ್ಯುತ್ ಮಂಡಲವನ್ನು ಅವಳಿಗೆ ನಿಜವಾದ ಶುಷ್ಕಕೋಶ, ತಂತಿ, ಬಲ್ಬಿನಿಂದ ಮಾಡಿಸುತ್ತೇನೆ. ಈಚೆಗೆ ಅವಳ ಮೇಜಿನ ಬಳಿ ಉಳಿದ ಮಕ್ಕಳೂ ಬಂದು ನಿಲ್ಲುತ್ತಿರುವುದರಿಂದ ಇನ್ನಷ್ಟು ತಂತಿ, ಬಲ್ಬುಗಳಿಗೆ ಬೇಡಿಕೆ ಬರೆದಿದ್ದೇನೆ.