ಒಂದೇ ದಿನದ ಬೆಟ್ಟದ ಪ್ರವಾಸ: ಹಿಂತಿರುಗುವ ಹೊತ್ತಿನಿಂದ ಶುರುವಾಗುವ ಲೆಕ್ಕ

ಬೆಟ್ಟವು ನಗರದಿಂದ ನೂರು ಕಿಲೋಮೀಟರಿನೊಳಗೆ ಇದ್ದರೆ ಬೆಳಿಗ್ಗೆ ಹೋಗಿ ಸಂಜೆಗೆ ಬಂದುಬಿಡಬಹುದು ಎಂಬ ಭರವಸೆ ಯಾರಿಗಾದರೂ ಸಹಜವಾಗಿಯೇ ಹುಟ್ಟುತ್ತದೆ. ನಾನೂ ಮೊದಲ ಸಲ ಅದೇ ಭರವಸೆಯಿಂದ ಮನೆಯವರನ್ನೆಲ್ಲ ಕರೆದುಕೊಂಡು ಬೆಳಿಗ್ಗೆ 8.30ಕ್ಕೆ ಹೊರಟಿದ್ದೆ. ತುದಿಯನ್ನು ಮುಟ್ಟಿದಾಗ ಮಧ್ಯಾಹ್ನ ಒಂದೂವರೆಯಾಗಿತ್ತು, ಕಣಿವೆ ಕಾಣಬೇಕಾದ ಕಡೆಯಲ್ಲೆಲ್ಲ ದಟ್ಟವಾದ ಬಿಳಿ ಮೋಡ ತುಂಬಿತ್ತು. ಅಮ್ಮ ಒಂದು ಬಂಡೆಯ ಮೇಲೆ ಕುಳಿತು, ಈಗ ಸರಿಯುತ್ತದೆ, ಇನ್ನೇನು ಸರಿಯುತ್ತದೆ ಎಂದು ಎರಡು ಗಂಟೆಗೂ ಹೆಚ್ಚು ಕಾಲ ಕಾದರು. ಮೋಡ ಸರಿಯಲಿಲ್ಲ. ನಾಲ್ಕಕ್ಕೆ ಇಳಿಯಲು ಶುರುಮಾಡಿ ವಾಹನ ಸೇರುವಷ್ಟರಲ್ಲಿ ಹೊತ್ತು ಮುಳುಗುತ್ತ ಬಂದಿತ್ತು; ಘಟ್ಟದ ಅರ್ಧ ದಾರಿಯನ್ನು ಕತ್ತಲೆಯಲ್ಲಿ, ಮಂಜಿನಲ್ಲಿ, ಮುಂದಿನ ತಿರುವು ಕಾಣದೆ ಇಳಿಯಬೇಕಾಯಿತು. ದೂರದ ಲೆಕ್ಕ ಸರಿಯಾಗಿಯೇ ಇತ್ತು, ಹೊತ್ತಿನ ಲೆಕ್ಕವನ್ನು ನಾನು ಹಾಕಿಯೇ ಇರಲಿಲ್ಲ. ಆಮೇಲಿನ ಪ್ರವಾಸಗಳಿಗೆಲ್ಲ ನಾನು ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸುತ್ತ ಬಂದಿದ್ದೇನೆ.

ಇದಕ್ಕೆ ಬೇಕಾಗುವುದು ಒಂದು ಚೀಟಿ, ಒಂದು ಪೆನ್ನು ಮತ್ತು ಆ ಜಾಗದ ಒಂದು ಒಳ್ಳೆಯ ನಕ್ಷೆ. ನಕ್ಷೆಯಲ್ಲಿ ಸಮೋನ್ನತಿ ರೇಖೆಗಳಿರಬೇಕು, ಅಂದರೆ ಒಂದೇ ಎತ್ತರದಲ್ಲಿರುವ ಜಾಗಗಳನ್ನು ಕೂಡಿಸುವ ಗೆರೆಗಳು. ಗೆರೆಗಳು ಒತ್ತೊತ್ತಾಗಿದ್ದಲ್ಲಿ ಏರು ಕಡಿದು, ಬಿಡಿಬಿಡಿಯಾಗಿದ್ದಲ್ಲಿ ಇಳಿಜಾರು ಸೌಮ್ಯ. ಎರಡು ಗೆರೆಗಳ ನಡುವಿನ ಎತ್ತರದ ಅಂತರ 20 ಮೀಟರ್ ಎಂದಿದ್ದರೆ, ದಾರಿ ಎಷ್ಟು ಗೆರೆಗಳನ್ನು ದಾಟುತ್ತದೆ ಎಂದು ಎಣಿಸಿದರೆ ಸಾಕು, ಹತ್ತಬೇಕಾದ ಎತ್ತರ ತಿಳಿಯುತ್ತದೆ. ಹೀಗೆ ಎಣಿಸುವಾಗ ತುದಿಯ ಎತ್ತರದಿಂದ ಬುಡದ ಎತ್ತರವನ್ನು ಕಳೆದು ಸುಮ್ಮನಾಗಬಾರದು. ನಡುವೆ ಇಳಿದು ಮತ್ತೆ ಹತ್ತುವ ತಗ್ಗುಗಳಿದ್ದರೆ ಅವುಗಳ ಏರನ್ನೂ ಕೂಡಿಸಬೇಕು, ಏಕೆಂದರೆ ಹಿಂದಿರುಗುವಾಗ ದಣಿದ ಕಾಲಿಗೆ ಭಾರವಾಗುವುದು ಆ ತಗ್ಗುಗಳೇ.

ನಡಿಗೆಯ ಹೊತ್ತನ್ನು ಅಂದಾಜು ಮಾಡಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರವನ್ನು ನಾನು ಇಂದಿಗೂ ಬಳಸುತ್ತೇನೆ. ಇಂದು ರೂಢಿಯಲ್ಲಿರುವ ರೂಪದಲ್ಲಿ ಅದು ಸರಳವಾಗಿದೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾನು ಹೇಳುತ್ತಿರುವ ಬೆಟ್ಟದಲ್ಲಿ ವಾಹನ ನಿಲ್ಲುವ ಜಾಗದಿಂದ ತುದಿಗೆ 4 ಕಿಲೋಮೀಟರ್ ಕಾಲುದಾರಿ, 450 ಮೀಟರ್ ಏರು. ದೂರಕ್ಕೆ 48 ನಿಮಿಷ, ಏರಿಗೆ 45 ನಿಮಿಷ, ಒಟ್ಟು 93 ನಿಮಿಷ. ಆದರೆ ಈ ಸೂತ್ರ ಎಲ್ಲಿಯೂ ನಿಲ್ಲದೆ ನಡೆಯುವ ಗಟ್ಟಿ ಆಳಿನದು. ಮಕ್ಕಳು, ಹಿರಿಯರು, ಫೋಟೋ ತೆಗೆಯುವವರು, ಶೂ ಲೇಸು ಕಟ್ಟಿಕೊಳ್ಳುವವರು ಎಲ್ಲರೂ ಇರುವ ಗುಂಪಿನದಲ್ಲ. ಆದ್ದರಿಂದ ಒಂದೂವರೆ ಪಟ್ಟು ಮಾಡಿ 2 ಗಂಟೆ 20 ನಿಮಿಷ ಎಂದು ಬರೆದುಕೊಂಡೆ. ಇಳಿಯಲು ಒಂದೂವರೆ ಗಂಟೆ. ಇಳಿಯುವುದು ಸುಲಭವೆಂದು ಅದಕ್ಕೆ ಕಡಿಮೆ ಹೊತ್ತು ಇಡುವವರಿದ್ದಾರೆ. ಸಡಿಲ ಕಲ್ಲುಗಳ ದಾರಿಯಲ್ಲಿ ಮಂಡಿನೋವಿನವರೊಬ್ಬರ ಕೈಹಿಡಿದು ಒಮ್ಮೆ ಇಳಿಸಿದವರು ಹಾಗೆ ಮಾಡುವುದಿಲ್ಲ.

ಇನ್ನು ಹಿಂದಿನಿಂದ ಎಣಿಸುವ ಬಗೆ. ಆ ದಿನದ ಸೂರ್ಯಾಸ್ತ ಸಂಜೆ 6.20 ಎಂದಿಟ್ಟುಕೊಳ್ಳೋಣ. ಘಟ್ಟದ ರಸ್ತೆಯನ್ನು ಬೆಳಕಿರುವಾಗಲೇ ಇಳಿದು ಮುಗಿಸಬೇಕು ಎಂಬುದು ನನ್ನ ಕಟ್ಟುನಿಟ್ಟು. ತಿರುವುಗಳ 25 ಕಿಲೋಮೀಟರಿಗೆ ಒಂದು ಗಂಟೆ ಬೇಕು, ಆದ್ದರಿಂದ 5.20ಕ್ಕೆ ವಾಹನ ಹೊರಡಬೇಕು. ಕಾಲುದಾರಿ ಇಳಿಯಲು ಒಂದೂವರೆ ಗಂಟೆ ಹಿಂದಕ್ಕೆ ಹೋದರೆ 3.50. ಯಾರದಾದರೂ ಕಾಲು ಉಳುಕಿದರೆ, ದಾರಿ ತಪ್ಪಿದರೆ, ಚಕ್ರ ಪಂಕ್ಚರಾದರೆ ಎಂದು ಒಂದು ಗಂಟೆಯನ್ನು ಮುಟ್ಟದೆ ಮೀಸಲಿಡುತ್ತೇನೆ. ಉಳಿದದ್ದು 2.50. ಅಂದರೆ, ಎಲ್ಲಿಯೇ ಇದ್ದರೂ ಮಧ್ಯಾಹ್ನ 2.50ರ ನಂತರ ಮೇಲಕ್ಕೆ ಹೆಜ್ಜೆಯಿಡುವಂತಿಲ್ಲ. ಕತ್ತಲೆಯ ಲೆಕ್ಕ ಇಲ್ಲಿಗೆ ಮುಗಿಯಿತು. ಆದರೆ ನಾವು ಬೆಟ್ಟಕ್ಕೆ ಹೋಗುವುದು ಸುರಕ್ಷಿತವಾಗಿ ಹಿಂತಿರುಗಲು ಮಾತ್ರವಲ್ಲ, ನೋಡಲು. ನೋಟದ ಲೆಕ್ಕ ಬೇರೆಯೇ ಇದೆ, ಅದು ಇನ್ನೂ ಬಿಗಿಯಾದದ್ದು.

ಬಿಸಿಲೇರಿದಂತೆ ಇಳಿಜಾರುಗಳು ಕಾದು, ಅವುಗಳಿಗೆ ತಾಗಿದ ಗಾಳಿ ಹಗುರಾಗಿ ಬೆಟ್ಟದ ಮೈಗುಂಟ ಮೇಲೇರುತ್ತದೆ. ಏರುತ್ತ ತಂಪಾಗುತ್ತದೆ, ತಂಪಾದಂತೆ ಅದರಲ್ಲಿರುವ ನೀರಾವಿ ಹನಿಗಟ್ಟಿ ಮೋಡವಾಗುತ್ತದೆ. ಅದಕ್ಕೇ ಬೆಳಿಗ್ಗೆ ನಿಚ್ಚಳವಾಗಿದ್ದ ಶಿಖರ ಮಧ್ಯಾಹ್ನದ ಹೊತ್ತಿಗೆ ಟೊಪ್ಪಿಗೆ ಹಾಕಿಕೊಳ್ಳುವುದು. ಈ ಮೋಡದ ತಳ ಎಷ್ಟು ಎತ್ತರದಲ್ಲಿರುತ್ತದೆ ಎಂಬುದನ್ನು ಹಿಂದಿನ ದಿನವೇ ಸುಮಾರಾಗಿ ತಿಳಿಯಬಹುದು ಎಂಬುದು ಗೊತ್ತಾದ ದಿನ ನನಗಾದ ಸಂತೋಷ ಇಷ್ಟಿಷ್ಟಲ್ಲ. ಹವಾಮಾನ ಮುನ್ಸೂಚನೆಯಲ್ಲಿ ಉಷ್ಣಾಂಶದ ಜೊತೆಗೆ ಇಬ್ಬನಿ ಬಿಂದುವನ್ನೂ ಕೊಟ್ಟಿರುತ್ತಾರೆ, ಅಂದರೆ ಗಾಳಿ ಎಷ್ಟು ಡಿಗ್ರಿಗೆ ತಂಪಾದರೆ ಅದರಲ್ಲಿರುವ ನೀರಾವಿ ಹನಿಗಟ್ಟತೊಡಗುತ್ತದೋ ಆ ಉಷ್ಣಾಂಶ. ಒಂದರಿಂದ ಇನ್ನೊಂದನ್ನು ಕಳೆದು, ಉಳಿದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ 125 ಮೀಟರ್ ಎಂದು ಹಿಡಿದರೆ, ಆ ಊರಿನ ನೆಲದಿಂದ ಮೋಡದ ತಳಕ್ಕಿರುವ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಬೆಟ್ಟದ ಬುಡದ ಊರಿನಲ್ಲಿ ಮಧ್ಯಾಹ್ನ 28 ಡಿಗ್ರಿ, ಇಬ್ಬನಿ ಬಿಂದು 20 ಎಂದಿದ್ದರೆ ವ್ಯತ್ಯಾಸ 8. ಮೋಡದ ತಳ ಸುಮಾರು 1000 ಮೀಟರ್ ಮೇಲೆ. ಶಿಖರ ಆ ಊರಿಗಿಂತ 1200 ಮೀಟರ್ ಎತ್ತರವಿದ್ದರೆ ಮಧ್ಯಾಹ್ನ ಅದು ಮೋಡದೊಳಗೇ ಇರುವ ಸಂಭವ ಹೆಚ್ಚು. ಬಿಸಿಲಿನ ಕಾವಿಗೆ ಏಳುವ ಮೋಡಗಳಿಗೆ ಈ ಲೆಕ್ಕ ಹೊಂದುತ್ತದೆ. ದೂರದಿಂದ ಬೀಸಿಬರುವ ಮಳೆಮೋಡಗಳಿಗೆ ಇದನ್ನು ನಂಬಿಕೊಂಡು ಹೊರಡಬಾರದು.

ಈ ಕಾರಣದಿಂದ ನಾನು ತುದಿಯಲ್ಲಿರಬೇಕಾದ ಹೊತ್ತನ್ನು ಬೆಳಿಗ್ಗೆ 10ಕ್ಕೆ ಇಟ್ಟೆ, ಏನೇ ಆದರೂ ಹಿಂತಿರುಗಬೇಕಾದ ಗಡುವನ್ನು 12ಕ್ಕೆ ಎಳೆದೆ. ಕತ್ತಲೆಯ ಗಡುವು 2.50, ಮೋಡದ ಗಡುವು 12. ಎರಡರಲ್ಲಿ ಮೊದಲು ಬರುವುದೇ ಲೆಕ್ಕಕ್ಕೆ. 10ರಿಂದ ಹಿಂದಕ್ಕೆ ಹೋದರೆ 7.40ಕ್ಕೆ ಹತ್ತಲು ಶುರು, ಶೌಚಕ್ಕೂ ಶೂ ಹಾಕಿಕೊಳ್ಳುವುದಕ್ಕೂ 20 ನಿಮಿಷ, 95 ಕಿಲೋಮೀಟರ್ ರಸ್ತೆಗೆ 2 ಗಂಟೆ 20 ನಿಮಿಷ. ಹೀಗೆ ಮನೆಯಿಂದ ಹೊರಡುವ ಹೊತ್ತು ಬೆಳಿಗ್ಗೆ 5 ಎಂದು ಬಂತು. ರಜೆಯ ದಿನ ಇಷ್ಟು ಬೇಗ ಏಕೆ ಏಳಬೇಕು ಎಂದು ಮನೆಯಲ್ಲಿ ಎಲ್ಲರೂ ಕೇಳಿದರು. ಚೀಟಿಯನ್ನು ಮುಂದಿಟ್ಟು ಒಂದೊಂದೇ ಸಾಲನ್ನು ಓದಿ ಹೇಳಿದೆ; ಅಮ್ಮ ಮೊದಲು ಒಪ್ಪಿದರು, ಆ ಬಂಡೆಯ ಮೇಲೆ ಕಾದದ್ದು ಅವರಿಗೆ ನೆನಪಿತ್ತು.

ಬೇಗ ಹೊರಟಿದ್ದಕ್ಕೆ ಸಿಕ್ಕಿದ್ದನ್ನು ಇಲ್ಲಿ ಬರೆಯಲೇಬೇಕು. ರಾತ್ರಿ ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಿಂದ ಜಾರಿ ಕಣಿವೆಯ ತಳದಲ್ಲಿ ನಿಲ್ಲುತ್ತದೆ, ಅದರ ಮೇಲೆ ಬೆಚ್ಚನೆಯ ಗಾಳಿ ಮುಚ್ಚಳದಂತೆ ಕೂರುತ್ತದೆ; ಆ ತಂಪಿನಲ್ಲಿ ಕಟ್ಟಿದ ಮಂಜು ಮೇಲೇಳಲಾರದೆ ಕಣಿವೆಯಲ್ಲೇ ಉಳಿಯುತ್ತದೆ. ನಾವು ಹತ್ತುತ್ತ ಅರ್ಧ ದಾರಿಯ ದಿಬ್ಬಕ್ಕೆ ಬಂದಾಗ ಗಂಟೆ ಒಂಬತ್ತರ ಹತ್ತಿರ. ಕೆಳಗೆ ಇಡೀ ಕಣಿವೆ ಕೆನೆಗಟ್ಟಿದ ಹಾಲಿನಂತೆ ಅಲುಗಾಡದೆ ಮಲಗಿತ್ತು, ನಡುವೆ ಮೂರು ಗುಡ್ಡಗಳ ನೆತ್ತಿ ಮಾತ್ರ ಕಪ್ಪಗೆ ಹೊರಗಿದ್ದವು. ಸ್ವಲ್ಪ ಹೊತ್ತಿಗೆ ಬಿಸಿಲು ಬಿದ್ದ ಅಂಚು ಹತ್ತಿಯ ಎಳೆಯಂತೆ ಬಿಡಿಸಿಕೊಳ್ಳತೊಡಗಿತು. ಮೊದಲು ಒಂದು ಮರದ ತುದಿ, ಆಮೇಲೆ ಒಂದು ಹೆಂಚಿನ ಮಾಡು, ಆಮೇಲೆ ಹೊಳೆಯ ಒಂದು ತಿರುವು ಬೆಳ್ಳಿಯ ತಗಡಿನಂತೆ ಹೊಳೆಯಿತು. ಅಮ್ಮ ಏನೂ ಮಾತಾಡಲಿಲ್ಲ, ನನ್ನ ತೋಳನ್ನು ಹಿಡಿದುಕೊಂಡು ನಿಂತಿದ್ದರು. ಆ ದಿಬ್ಬದಲ್ಲಿ ನಿಲ್ಲಲು ಚೀಟಿಯಲ್ಲಿ ಹೊತ್ತೇ ಇಟ್ಟಿರಲಿಲ್ಲ, ಇಟ್ಟಿರಬೇಕಿತ್ತು.

ತುದಿಯಿಂದ ಎಷ್ಟು ದೂರ ಕಾಣುತ್ತದೆ ಎಂಬುದಕ್ಕೂ ಒಂದು ಲೆಕ್ಕವಿದೆ. ಸುತ್ತಲಿನ ಬಯಲಿಗಿಂತ ನಾವು ಎಷ್ಟು ಮೀಟರ್ ಎತ್ತರದಲ್ಲಿದ್ದೇವೋ ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೋಮೀಟರಿನಲ್ಲಿ ಬರುತ್ತದೆ. 1000 ಮೀಟರಿಗೆ ಸುಮಾರು 113 ಕಿಲೋಮೀಟರ್. ದೂಳು, ಹೊಗೆ, ತೇವ ಇವು ಅದನ್ನು ಹತ್ತಿಪ್ಪತ್ತು ಕಿಲೋಮೀಟರಿಗೆ ಇಳಿಸಿಬಿಡಬಲ್ಲವು. ಒಂದೆರಡು ದಿನ ಚೆನ್ನಾಗಿ ಮಳೆ ಬಂದು, ಮಾರನೆಯ ದಿನ ಆಕಾಶ ಬಿಚ್ಚಿಕೊಂಡರೆ ಗಾಳಿ ತೊಳೆದಂತಿರುತ್ತದೆ, ನಾನು ಕಾಯುವುದು ಅಂಥ ಬೆಳಗಿಗೆ. ದಿಕ್ಕನ್ನೂ ನೋಡಿಕೊಳ್ಳಬೇಕು: ಬೆಳಿಗ್ಗೆ ಸೂರ್ಯ ಬೆನ್ನಿಗಿದ್ದರೆ ಎದುರಿನ ಬೆಟ್ಟದ ಪ್ರತಿ ಮಡಿಕೆಯೂ ಕಾಣುತ್ತದೆ, ಕಣ್ಣಿಗೆ ಹೊಡೆಯುತ್ತಿದ್ದರೆ ಎಲ್ಲ ನೀಲಿ ನೆರಳಾಗಿ ಉಳಿಯುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ ನೋಟದ ಜಾಗಗಳು ಬೆಳಗಿನ ಪ್ರವಾಸಕ್ಕೆ ಹೇಳಿ ಮಾಡಿಸಿದಂಥವು.

ಹೊರುವ ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಪ್ರತಿ 1000 ಮೀಟರ್ ಏರಿಗೆ ಸರಾಸರಿ 6.5 ಡಿಗ್ರಿ ಚಳಿ ಹೆಚ್ಚುತ್ತದೆ, ಗಾಳಿ ಬೀಸಿದರೆ ಮೈಗೆ ಅದಕ್ಕಿಂತ ಹೆಚ್ಚೇ ಅನ್ನಿಸುತ್ತದೆ. ಬೆವೆತ ಬಟ್ಟೆ ಬದಲಿಸಲು ಒಂದು ಒಣ ಅಂಗಿ, ಗಾಳಿ ತಡೆಯುವ ಒಂದು ಜಾಕೆಟ್ ತಲಾ ಒಬ್ಬರಿಗೆ ಬೇಕು. ನಡೆಯುವ ಪ್ರತಿ ಗಂಟೆಗೆ ಅರ್ಧ ಲೀಟರ್ ನೀರು. ಹಗಲಿನ ಪ್ರವಾಸವಾದರೂ ಒಂದು ಟಾರ್ಚು. ಮೊಬೈಲಿನಲ್ಲಿ ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಂಡಿರಬೇಕು, ಏಕೆಂದರೆ ಜಿಪಿಎಸ್ ನೇರವಾಗಿ ಉಪಗ್ರಹಗಳಿಂದ ಸಂಕೇತ ಪಡೆಯುವುದರಿಂದ ನೆಟ್‌ವರ್ಕ್ ಇಲ್ಲದ ಕಡೆಯೂ ನಾವಿರುವ ಜಾಗವನ್ನು ತೋರಿಸುತ್ತದೆ. ನೆಟ್‌ವರ್ಕಿಗಾಗಿ ಹುಡುಕಾಡಿ ಬ್ಯಾಟರಿ ಕಳೆದುಕೊಳ್ಳದಂತೆ ಏರೋಪ್ಲೇನ್ ಮೋಡ್‌ನಲ್ಲಿ ಇಡುವುದು ಒಳ್ಳೆಯದು. ಶಿಖರ 2500 ಮೀಟರಿಗಿಂತ ಎತ್ತರವಿದ್ದು, ತಗ್ಗಿನ ನಗರದಿಂದ ನೇರವಾಗಿ ವಾಹನದಲ್ಲಿ ಏರಿದವರಿಗೆ ತಲೆನೋವು, ವಾಕರಿಕೆ ಕಾಣಿಸಿದರೆ ಮಾತ್ರೆ ನುಂಗಿ ಮುಂದುವರಿಯುವುದಲ್ಲ, ಕೆಳಗಿಳಿಯುವುದೇ ಮದ್ದು.

ರಸ್ತೆಯ ವಿಷಯದಲ್ಲಿ ನನಗೆ ಭಯವಿರುವುದು ಏರಿನದಲ್ಲ, ಇಳಿತದ್ದು. ಯಾವ ಗೇರಿನಲ್ಲಿ ಹತ್ತಿದೆವೋ ಅದೇ ಗೇರಿನಲ್ಲಿ ಇಳಿಯಬೇಕು ಎಂದು ಹಳೆಯ ಚಾಲಕರು ಹೇಳುವ ಮಾತು ಅಕ್ಷರಶಃ ಸರಿ. ಸಣ್ಣ ಗೇರಿನಲ್ಲಿ ಎಂಜಿನ್ನೇ ವಾಹನವನ್ನು ತಡೆದು ಹಿಡಿಯುತ್ತದೆ. ಹಾಗೆ ಮಾಡದೆ ಬ್ರೇಕನ್ನೇ ತುಳಿಯುತ್ತ ಹೋದರೆ ಅದು ಕಾದು, ಸುಟ್ಟ ವಾಸನೆ ಬಂದು, ಕೊನೆಗೆ ಎಷ್ಟು ತುಳಿದರೂ ಹಿಡಿಯದ ಸ್ಥಿತಿಗೆ ಬರಬಹುದು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ಹನಿಗಳಿಗೆ ತಾಗಿ ಕಣ್ಣಿಗೇ ಮರಳುತ್ತದೆ ಎಂಬುದನ್ನು ನಾನು ಆ ಮೊದಲ ರಾತ್ರಿಯೇ ಕಲಿತೆ. ತಿರುವುಗಳಲ್ಲಿ ಹೊಟ್ಟೆ ತೊಳಸುವವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಮೊಬೈಲ್ ಪಕ್ಕಕ್ಕಿಡಿಸಿ, ದೂರದ ರಸ್ತೆಯನ್ನೇ ನೋಡುವಂತೆ ಹೇಳುತ್ತೇನೆ.

ಗಡುವನ್ನು ಬರೆಯುವುದು ಸುಲಭ, ಪಾಲಿಸುವುದು ಕಷ್ಟ. ಇನ್ನೊಂದು ಸಲ ಹತ್ತುವಾಗ ದಾರಿಗೆ ಬಿದ್ದಿದ್ದ ಮರವನ್ನು ಸುತ್ತಿಹೋಗಬೇಕಾಗಿ ಬಹಳ ತಡವಾಯಿತು. 12 ಗಂಟೆಗೆ ನಾವಿದ್ದ ಜಾಗದಿಂದ ತುದಿ ಇನ್ನೇನು 20 ನಿಮಿಷದ ದಾರಿ, ಎದುರಿಗೇ ಕಾಣುತ್ತಿತ್ತು. ಜೊತೆಗಿದ್ದ ಗೆಳೆಯ ‘ಇಷ್ಟು ದೂರ ಬಂದಿದ್ದೇವೆ, ಇನ್ನು ಸ್ವಲ್ಪವೇ ಅಲ್ಲವೇ’ ಎಂದ. ಅವನ ಮಾತಿನಲ್ಲಿ ನ್ಯಾಯವಿತ್ತು, ನನಗೂ ಅದೇ ಆಸೆಯಿತ್ತು. ಆದರೂ ಹಿಂತಿರುಗಿದೆವು. ಅರ್ಧ ದಾರಿ ಇಳಿದಾಗ ಹಿಂದೆ ಮಿಂಚು ಹೊಳೆಯಿತು. ಮಿಂಚಿಗೂ ಗುಡುಗಿಗೂ ನಡುವೆ ಎಣಿಸಿದೆ, ಹದಿನೈದು ಸೆಕೆಂಡು. ಸದ್ದು ಒಂದು ಕಿಲೋಮೀಟರ್ ಸಾಗಲು ಸುಮಾರು ಮೂರು ಸೆಕೆಂಡು ಬೇಕು. ಅಂದರೆ ಸಿಡಿಲು ಐದು ಕಿಲೋಮೀಟರ್ ದೂರದಲ್ಲಿತ್ತು. ಎಣಿಕೆ ಮೂವತ್ತಕ್ಕಿಂತ ಕಡಿಮೆ ಬಂದರೇ ಬಯಲು ತುದಿಯಲ್ಲಿ ನಿಲ್ಲಬಾರದು ಎನ್ನುತ್ತಾರೆ. ಮರವಿಲ್ಲದ ಆ ಬೋಳು ತುದಿಯಲ್ಲಿ ಆಗ ನಾವು ಇರಲಿಲ್ಲ.

ಮನೆಗೆ ಬಂದ ರಾತ್ರಿಯೇ, ಎಷ್ಟೇ ದಣಿದಿದ್ದರೂ, ಚೀಟಿಯಲ್ಲಿ ಅಂದುಕೊಂಡ ಹೊತ್ತಿನ ಪಕ್ಕದಲ್ಲಿ ನಿಜವಾಗಿ ಆದ ಹೊತ್ತನ್ನು ಬರೆದಿಡುತ್ತೇನೆ. ಅಮ್ಮನ ನಡಿಗೆಗೆ ಸೂತ್ರದ ಒಂದೂವರೆ ಪಟ್ಟು ಸಾಲದು, ಎರಡು ಪಟ್ಟು ಬೇಕು ಎಂಬುದು ತಿಳಿದದ್ದು ಆ ಎರಡನೆಯ ಸಾಲಿನಿಂದ. ಅದರಿಂದ ಮುಂದಿನ ತಿಂಗಳ ಚೀಟಿಯಲ್ಲಿ ಹೊರಡುವ ಹೊತ್ತು ಬೆಳಿಗ್ಗೆ 4 ಎಂದಾಗಿದೆ. ಅದರಲ್ಲಿ ಹದಿನೈದು ನಿಮಿಷ ಅರ್ಧ ದಾರಿಯ ಆ ದಿಬ್ಬದಲ್ಲಿ ನಿಲ್ಲುವುದಕ್ಕೆ.