ಮೆಕ್ಕೆಜೋಳದ ಸುಳಿಗೆ ಬಿ.ಟಿ.: ನೀರು, ಹೊತ್ತು, ಹುಳದ ಗಾತ್ರ ನೋಡಿ ಹೊಡೆಯಿರಿ

ಆರಿದ್ರಾ ಮಳೆ ಹಿಡಿದು ಮೆಕ್ಕೆಜೋಳ ಮೊಣಕಾಲೆತ್ತರಕ್ಕೆ ಬರುವ ಹೊತ್ತಿಗೆ ದಾವಣಗೆರೆ, ಜಗಳೂರು, ಹೊಳಲ್ಕೆರೆ ಸೀಮೆಯ ಔಷಧಿ ಅಂಗಡಿಗಳಲ್ಲಿ ಒಂದೇ ಮಾತು: ‘ಸುಳಿ ತಿನ್ನೋ ಹುಳಕ್ಕೆ ಏನ್ ಕೊಡ್ತೀರಿ?’ ಆ ಹುಳ ಫಾಲ್ ಸೈನಿಕ ಹುಳು. ದೇಶದಲ್ಲಿ ಇದು ಮೊದಲು ಕಾಣಿಸಿಕೊಂಡಿದ್ದು 2018ರಲ್ಲಿ, ನಮ್ಮ ಕರ್ನಾಟಕದಲ್ಲೇ. ಇದಕ್ಕೆ ಶಿಫಾರಸಾಗಿರುವ ಜೈವಿಕ ಔಷಧಗಳಲ್ಲಿ ಬಿ.ಟಿ. ಪುಡಿಯೂ ಒಂದು. ಬಿ.ಟಿ. ಅಂದರೆ ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಎಂಬ ಬ್ಯಾಕ್ಟೀರಿಯಾ.

‘ಹೊಡೆದ್ವಿ, ಹುಳ ಸಾಯಲಿಲ್ಲ’ ಎಂಬ ದೂರು ಬಿ.ಟಿ. ಮೇಲೆ ಸಾಮಾನ್ಯ. ಪುಡಿ ಹಳೆಯದಾಗಿದ್ದರೆ ಹಾಗಾಗುವುದುಂಟು. ಆದರೆ ಹೆಚ್ಚಿನ ಸಲ ತಪ್ಪು ಇರುವುದು ಕಲಸಿದ ನೀರಿನಲ್ಲಿ, ಹೊಡೆದ ಹೊತ್ತಿನಲ್ಲಿ, ಇಲ್ಲವೇ ಹುಳ ಆಗಲೇ ದೊಡ್ಡದಾಗಿರುವುದರಲ್ಲಿ. ಇದು ಮೈಗೆ ತಾಗಿ ಕೊಲ್ಲುವ ಔಷಧವಲ್ಲ, ಹುಳ ಇದನ್ನು ತಿನ್ನಲೇಬೇಕು. ಮುಂದೆ ಹೇಳುವ ಒಂದೊಂದು ಹೆಜ್ಜೆಯೂ ಈ ಕಾರಣದಿಂದಲೇ ಹುಟ್ಟಿದ್ದು.

ಹೊಟ್ಟೆಯೊಳಗೆ ಏನಾಗುತ್ತದೆ

ಈ ಬ್ಯಾಕ್ಟೀರಿಯಾ ಬೀಜಾಣು ಕಟ್ಟುವಾಗ ಪಕ್ಕದಲ್ಲೇ ಪ್ರೋಟೀನಿನ ಒಂದು ಹರಳನ್ನೂ ಕಟ್ಟುತ್ತದೆ. ಅದರ ಹೆಸರು ಕ್ರೈ ಪ್ರೋಟೀನ್. ಹರಳಾಗಿರುವಷ್ಟು ಹೊತ್ತು ಅದಕ್ಕೆ ವಿಷದ ಗುಣವಿಲ್ಲ. ಪತಂಗದ ಜಾತಿಯ ಮರಿಹುಳುಗಳ ನಡುಗರುಳು ಬಲವಾದ ಕ್ಷಾರದ್ದು, ಅಲ್ಲಿ ರಸಸಾರ (ಪಿಎಚ್) 9ರಿಂದ 10, ಕೆಲವು ಹುಳಗಳಲ್ಲಿ ಅದಕ್ಕೂ ಮೇಲೆ. ಅಲ್ಲಿಗೆ ಹೋದ ಹರಳು ಕರಗುತ್ತದೆ. ಹುಳದ ಜೀರ್ಣರಸವೇ ಅದನ್ನು ಕತ್ತರಿಸಿ ಚುರುಕಾದ ತುಂಡಾಗಿ ಮಾಡುತ್ತದೆ. ಆ ತುಂಡು ಕರುಳಿನ ಗೋಡೆಯ ಕೋಶಗಳಿಗೆ ಅಂಟಿಕೊಂಡು ತೂತು ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಹುಳ ಮೇಯುವುದನ್ನು ಬಿಡುತ್ತದೆ. ತೂತಿನಿಂದ ಬ್ಯಾಕ್ಟೀರಿಯಾಗಳು ಮೈಯೊಳಗೆ ನುಗ್ಗಿ ರಕ್ತ ಕೆಟ್ಟು, ಎರಡರಿಂದ ನಾಲ್ಕು ದಿನದಲ್ಲಿ ಹುಳ ಕಪ್ಪಾಗಿ ಜೋತುಬಿದ್ದು ಸಾಯುತ್ತದೆ.

ನಮ್ಮ ಜಠರ ಆಮ್ಲೀಯ. ಆ ಪ್ರೋಟೀನ್ ಅಂಟಿಕೊಳ್ಳುವ ಜಾಗವೂ ನಮ್ಮ ಕರುಳಿನಲ್ಲಾಗಲಿ ದನಕರುಗಳ ಕರುಳಿನಲ್ಲಾಗಲಿ ಇಲ್ಲ. ಸಂಜೆ ಮೇವಿಗೆಂದು ಮೆಕ್ಕೆಜೋಳದ ಗರಿ ಕೊಯ್ಯುವ ಮನೆಗಳಿಗೆ ಇದು ದೊಡ್ಡ ಅನುಕೂಲ.

ಮೊದಲು ಹೊಲ ನೋಡಿ

ಬಿತ್ತಿದ ಹತ್ತನೇ ದಿನದಿಂದ ವಾರಕ್ಕೆ ಎರಡು ಸಲ ಹೊಲ ಸುತ್ತಬೇಕು. ಅಂಚಿನ ನಾಲ್ಕು ಸಾಲು ಬಿಟ್ಟು ಒಳಗೆ ಹೋಗಿ, ಅಂಕುಡೊಂಕಾಗಿ ನಡೆಯುತ್ತ ಐದು ಕಡೆ ನಿಲ್ಲಿ. ಒಂದೊಂದು ಕಡೆ 20 ಗಿಡ, ಒಟ್ಟು 100 ಗಿಡದ ಸುಳಿ ಬಿಡಿಸಿ ನೋಡಿ. ಎಲೆಯ ಹಸಿರನ್ನು ಕೆರೆದು ತಿಂದು, ಗಾಜಿನ ಕಾಗದದಂತೆ ಬಿಳಿ ಪೊರೆ ಉಳಿದಿದ್ದರೆ ಅದು ಮರಿಹುಳುವಿನ ಕೆಲಸ. ದೊಡ್ಡ ತೂತು, ಸುಳಿಯೊಳಗೆ ಮರದ ಹೊಟ್ಟಿನಂಥ ಹಿಕ್ಕೆ ಕಂಡರೆ ಹುಳ ಬಲಿತಿದೆ ಎಂದೇ ಅರ್ಥ. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಗುರುತು, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಕಪ್ಪು ಚುಕ್ಕೆ ಇದ್ದರೆ ಇದೇ ಹುಳ, ಅನುಮಾನ ಬೇಡ.

ಸಸಿ ಹಂತದಲ್ಲಿ ನೂರಕ್ಕೆ ಐದು ಗಿಡದಲ್ಲಿ ಹಾನಿ ಕಂಡರೆ ಬೇವಿನ ಔಷಧ ಸಾಕು: 1500 ಪಿಪಿಎಂ ಅಜಾಡಿರಾಕ್ಟಿನ್, ಲೀಟರಿಗೆ 5 ಮಿಲಿ. ಸುಳಿ ಕಟ್ಟುವ ಹಂತದಲ್ಲಿ ನೂರಕ್ಕೆ ಹತ್ತು ದಾಟಿದರೆ ಬಿ.ಟಿ.ಗೆ ಕೈ ಹಾಕಿ. ಎಕರೆಗೆ ಐದು ಮೋಹಕ ಬಲೆ (ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ) ಕಟ್ಟಿದ್ದರೆ ಇನ್ನೂ ಮುಂಚೆ ಗೊತ್ತಾಗುತ್ತದೆ. ಬಲೆಗೆ ದಿನಕ್ಕೊಂದು ಗಂಡು ಪತಂಗ ಬೀಳತೊಡಗಿತೆಂದರೆ ಮೊಟ್ಟೆ ಹುಡುಕಲು ಶುರುಮಾಡಿ. ಎಲೆಯ ಮೇಲೆ ಬೂದು ರೋಮ ಹೊದಿಸಿದ ಗುಂಪು ಮೊಟ್ಟೆ ಸಿಕ್ಕರೆ ಚಿವುಟಿ ಹಾಕಿ. ಒಂದು ಗುಂಪಿನಲ್ಲಿ ನೂರಿನ್ನೂರು ಮೊಟ್ಟೆ ಇರುತ್ತವೆ. ಅದಕ್ಕಿಂತ ಅಗ್ಗದ ಔಷಧ ಬೇರೆ ಇಲ್ಲ.

ಹುಳದ ಗಾತ್ರವನ್ನು ಕಣ್ಣಳತೆಯಲ್ಲಿ ಬಿಡಬೇಡಿ, ಅಳತೆಪಟ್ಟಿ ಹಿಡಿದು ನೋಡಿ. ಅರ್ಧ ಸೆಂಟಿಮೀಟರಿನೊಳಗಿದ್ದರೆ ಬಿ.ಟಿ. ಚೆನ್ನಾಗಿ ಹಿಡಿಯುತ್ತದೆ. ಒಂದು ಸೆಂಟಿಮೀಟರ್ ದಾಟಿದ ಹುಳಕ್ಕೆ ಇದನ್ನು ಹೊಡೆಯುವುದು ದುಡ್ಡು ದಂಡ. ಅಷ್ಟರಲ್ಲಿ ಅದು ಸುಳಿಯ ಆಳಕ್ಕಿಳಿದು ತನ್ನ ಹಿಕ್ಕೆಯನ್ನೇ ಬಿರಡೆ ಮಾಡಿಕೊಂಡಿರುತ್ತದೆ, ಸಾಯಲು ಬೇಕಾದ ಪ್ರಮಾಣವೂ ಬಹಳ ಹೆಚ್ಚು. ಮೊಟ್ಟೆಯೊಡೆದ ಮೇಲೆ ನಮಗೆ ಸಿಗುವ ಅವಕಾಶ ಐದಾರು ದಿನ ಮಾತ್ರ. ಹಾನಿ ನೂರಕ್ಕೆ ಇಪ್ಪತ್ತು ದಾಟಿ ಹುಳ ಬಲಿತಿದ್ದರೆ ಬಿ.ಟಿ. ಹಟ ಬಿಡಿ. ಆಗ ರಾಸಾಯನಿಕ ಔಷಧವಾದ ಇಮಾಮೆಕ್ಟಿನ್ ಬೆಂಜೋಯೇಟ್ 5 ಎಸ್‌ಜಿ ಲೀಟರಿಗೆ 0.4 ಗ್ರಾಂನಂತೆ ಸುಳಿಗೆ ಹೊಡೆಯುವುದೇ ಸರಿ.

ಪೊಟ್ಟಣ ಕೊಳ್ಳುವಾಗ

ಲೇಬಲ್ ಮೇಲೆ ‘ಕುರ್ಸ್ಟಾಕಿ’ ಎಂಬ ಉಪಜಾತಿಯ ಹೆಸರು, ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ, ತಯಾರಾದ ತಾರೀಖು, ಅವಧಿ ಮುಗಿಯುವ ತಾರೀಖು ನಾಲ್ಕೂ ಇರಬೇಕು. ಬರೀ ‘ಸಾವಯವ ಹುಳನಾಶಕ’ ಎಂದು ಬರೆದ ಬಾಟಲಿ ಬೇಡ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟ ಪೊಟ್ಟಣವನ್ನೂ ಬೇಡವೆನ್ನಿ, ಚಿತ್ರದುರ್ಗದ ಏಪ್ರಿಲ್ ಬಿಸಿಲು ಕಂಡ ಸರಕಿನಲ್ಲಿ ಕಸುವು ಉಳಿದಿರುವುದು ಕಷ್ಟ.

ಇನ್ನೊಂದು ಮಾತು ಮುಚ್ಚಿಡದೆ ಹೇಳಬೇಕು. ಎಲೆಕೋಸಿನ ವಜ್ರಬೆನ್ನಿನ ಪತಂಗದ ಮೇಲೆ ಕುರ್ಸ್ಟಾಕಿ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಸೈನಿಕ ಹುಳುವಿನ ಕುಲದ ಮೇಲೆ ಅಷ್ಟು ಮಾಡುವುದಿಲ್ಲ. ಈ ಕುಲಕ್ಕೆ ‘ಐಜವಾಯ್’ ಎಂಬ ಉಪಜಾತಿಯ ಪ್ರೋಟೀನುಗಳು ಹೆಚ್ಚು ತಾಗುತ್ತವೆ. ನಮ್ಮ ಅಂಗಡಿಗಳಲ್ಲಿ ಸಿಗುವುದು ಬಹುಪಾಲು ಕುರ್ಸ್ಟಾಕಿಯೇ. ಹಾಗಾಗಿಯೇ ಮೆಕ್ಕೆಜೋಳದಲ್ಲಿ ಮರಿಹುಳು ಹಂತ ಬಿಟ್ಟರೆ ಕೆಟ್ಟಿತು.

ಬೆಲ್ಲದ ನೀರಿನಲ್ಲಿ ಪುಡಿ ಹಾಕಿ ಡ್ರಮ್ಮಿನಲ್ಲಿ ಕೊಳೆಸಿ ‘ಬಿ.ಟಿ. ಹೆಚ್ಚಿಸಿಕೊಳ್ಳುವ’ ಪದ್ಧತಿ ಕೆಲವು ಕಡೆ ಇದೆ. ಮಾಡಬೇಡಿ. ತೆರೆದ ಡ್ರಮ್ಮಿನಲ್ಲಿ ಬೆಳೆಯುವುದು ಸಿಕ್ಕಸಿಕ್ಕ ಬ್ಯಾಕ್ಟೀರಿಯಾ. ಬಿ.ಟಿ.ಯ ಹತ್ತಿರದ ನೆಂಟ ಬ್ಯಾಸಿಲಸ್ ಸೀರಿಯಸ್ ಮನುಷ್ಯರಿಗೆ ವಾಂತಿಭೇದಿ ತರುವಂಥದ್ದು, ಕಣ್ಣಿಗೆ ಎರಡರ ವ್ಯತ್ಯಾಸ ಕಾಣುವುದಿಲ್ಲ.

ಬೋರ್ ನೀರಿನ ಪರೀಕ್ಷೆ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ಹರಳು ಕರಗಬೇಕಾದದ್ದು ಹುಳದ ಕ್ಷಾರದ ಕರುಳಿನಲ್ಲಿ. ಟ್ಯಾಂಕಿನ ನೀರೇ ಕ್ಷಾರವಾಗಿದ್ದರೆ ಹರಳು ಅಲ್ಲೇ ಹಾಳಾಗತೊಡಗುತ್ತದೆ. ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು ಕಡೆಯ ಎಷ್ಟೋ ಆಳದ ಬೋರ್‌ಗಳ ನೀರು ಗಡಸು ಮತ್ತು ಸವುಳು. ಪಾತ್ರೆಗೆ ಬಿಳಿ ಪೊರೆ ಕಟ್ಟುವ ನೀರಾದರೆ ಪರೀಕ್ಷೆ ಮಾಡದೆ ಬಳಸಬೇಡಿ.

ರಸಸಾರ ನೋಡುವ ಕಾಗದದ ಪಟ್ಟಿ ತಂದುಕೊಳ್ಳಿ. ಓದು 6ರಿಂದ 7ರೊಳಗೆ ಬಂದರೆ ಒಳ್ಳೆಯದು, 8 ದಾಟಿದರೆ ಸರಿಮಾಡಬೇಕು. ಹತ್ತು ಲೀಟರ್ ಬಕೆಟ್ಟಿಗೆ ವಿನೆಗರ್ ಅಥವಾ ಸೋಸಿದ ನಿಂಬೆರಸವನ್ನು 5 ಮಿಲಿಯಂತೆ ಹಾಕಿ ಕಲಕಿ, ಪಟ್ಟಿ ಅದ್ದಿ ನೋಡಿ. 6.5ರ ಆಸುಪಾಸಿಗೆ ಬರುವವರೆಗೆ ಎಷ್ಟು ಹಿಡಿಯಿತೆಂದು ಬರೆದಿಟ್ಟುಕೊಳ್ಳಿ. 200 ಲೀಟರ್ ಡ್ರಮ್ಮಿಗೆ ಅದರ ಇಪ್ಪತ್ತು ಪಟ್ಟು. ಒಂದೇ ಬೋರ್‌ನ ನೀರಿಗೆ ಒಂದು ಹಂಗಾಮಿನಲ್ಲಿ ಈ ಲೆಕ್ಕ ಬಹಳ ಬದಲಾಗುವುದಿಲ್ಲ. ಕೃಷಿ ಹೊಂಡದ ಮಳೆನೀರು ಇದ್ದವರಿಗೆ ಈ ತಾಪತ್ರಯ ಕಡಿಮೆ, ಕಸ ಸೋಸಿಕೊಂಡರಾಯಿತು. ಅಂಟಿಗೆಂದು ಬಟ್ಟೆ ಸೋಪಿನ ಪುಡಿ ಹಾಕುವ ರೂಢಿಯನ್ನು ಇಲ್ಲಿ ಬಿಡಿ, ಸೋಪು ನೀರನ್ನು ಮತ್ತೆ ಕ್ಷಾರ ಮಾಡುತ್ತದೆ.

ಕಲಸುವ ಕ್ರಮ

ಅಳತೆ ಲೀಟರಿಗೆ 2 ಗ್ರಾಂ, ಎಕರೆಗೆ 400 ಗ್ರಾಂ ಪುಡಿ, 200 ಲೀಟರ್ ನೀರು. 15 ಲೀಟರ್ ಬೆನ್ನು ಪಂಪಾದರೆ ಟ್ಯಾಂಕಿಗೆ 30 ಗ್ರಾಂ. ಚಮಚದ ಲೆಕ್ಕ ಬೇಡ, ತಕ್ಕಡಿಯಲ್ಲಿ ತೂಗಿ ಕಾಗದದ ಪೊಟ್ಟಣ ಕಟ್ಟಿಟ್ಟುಕೊಂಡರೆ ಹೊಲದಲ್ಲಿ ಗಡಿಬಿಡಿ ಇರದು. ಪುಡಿ ಮುಟ್ಟುವಾಗ ಮೂಗು ಬಾಯಿಗೆ ಬಟ್ಟೆ, ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇರಲಿ.

ಪುಡಿಯನ್ನು ನೇರ ಟ್ಯಾಂಕಿಗೆ ಸುರಿದರೆ ಗಂಟು ಕಟ್ಟಿ ನಾಜಲ್ ಕಟ್ಟಿಕೊಳ್ಳುತ್ತದೆ. ಚಿಕ್ಕ ಬಕೆಟ್ಟಿನಲ್ಲಿ ಒಂದು ಲೀಟರ್ ನೀರಿಗೆ ಸ್ವಲ್ಪಸ್ವಲ್ಪವೇ ಉದುರಿಸಿ ದೋಸೆ ಹಿಟ್ಟಿನಂತೆ ಗಂಟಿಲ್ಲದೆ ಕಲಸಿ. ಟ್ಯಾಂಕಿಗೆ ಅರ್ಧ ನೀರು ತುಂಬಿ, ಕಲಸಿದ್ದನ್ನು ಬಟ್ಟೆಯಲ್ಲಿ ಸೋಸಿ ಹಾಕಿ, ಉಳಿದ ನೀರು ತುಂಬಿ. ಲೀಟರಿಗೆ 5 ಗ್ರಾಂ ಬೆಲ್ಲ ಕರಗಿಸಿ ಸೇರಿಸಿದರೆ ಹುಳ ಬಾಯಿ ಹಾಕುವುದು ಹೆಚ್ಚುತ್ತದೆ. ಬೆಲ್ಲವನ್ನೂ ಸೋಸಲೇಬೇಕು. ಕ್ಷಾರವಲ್ಲದ ಅಂಟು ದ್ರಾವಣವನ್ನು ಲೀಟರಿಗೆ ಅರ್ಧ ಮಿಲಿ ಹಾಕಿದರೆ ಮೆಕ್ಕೆಜೋಳದ ನುಣುಪು ಎಲೆಯಿಂದ ಹನಿ ಜಾರುವುದಿಲ್ಲ. ಬೆರೆಸಿದ್ದನ್ನು ಆ ಸಂಜೆಯೇ ಮುಗಿಸಿ, ರಾತ್ರಿ ಇಟ್ಟು ಬೆಳಿಗ್ಗೆ ಹೊಡೆಯುವಂತಿಲ್ಲ.

ಜೊತೆಗೆ ಬೆರೆಸಬಾರದ್ದು: ತಾಮ್ರದ ಶಿಲೀಂಧ್ರನಾಶಕ, ಬೋರ್ಡೊ ದ್ರಾವಣ, ಬ್ಯಾಕ್ಟೀರಿಯಾ ಕೊಲ್ಲುವ ಸ್ಟ್ರೆಪ್ಟೋಸೈಕ್ಲಿನ್. ಹೊಸದುರ್ಗ, ಹಿರಿಯೂರಿನ ದಾಳಿಂಬೆ ಬೆಳೆಗಾರರು ದುಂಡಾಣು ಅಂಗಮಾರಿಗೆ ಇಂಥವನ್ನೇ ಬಳಸುತ್ತ ಬಂದಿರುವುದರಿಂದ ಅದೇ ಪಂಪನ್ನು ಮೂರು ಸಲ ನೀರಿನಲ್ಲಿ ತೊಳೆದ ಮೇಲಷ್ಟೇ ಬಿ.ಟಿ.ಗೆ ಹಿಡಿಯಬೇಕು. ಸುಳಿಗೆ ಮರಳು ಮತ್ತು ಸುಣ್ಣವನ್ನು 9:1ರಂತೆ ಹಾಕುವ ಪದ್ಧತಿಯೂ ಇದೆ. ಅದು ಬೇರೆ ದಾರಿ. ಬಿ.ಟಿ. ಹೊಡೆದ ಸುಳಿಗೆ ಸುಣ್ಣ ಬೀಳಬಾರದು.

ಸಂಜೆಯ ಕೆಲಸ

ಬಿಸಿಲಿನ ನೇರಳಾತೀತ ಕಿರಣ ಬೀಜಾಣುವನ್ನೂ ಪ್ರೋಟೀನನ್ನೂ ಮುರಿಯುತ್ತದೆ. ಬಯಲಿಗೆ ತೆರೆದ ಎಲೆಯ ಮೇಲೆ ಔಷಧದ ಕಸುವು ಒಂದೆರಡು ದಿನದಲ್ಲಿ ಬಹುಪಾಲು ಇಳಿಯುತ್ತದೆ. ಐದು ಗಂಟೆಯ ನಂತರ ಹೊಡೆದರೆ ಇಡೀ ರಾತ್ರಿ ಹುಳಕ್ಕೆ ತಿನ್ನಲು ಸಿಗುತ್ತದೆ. ಸೈನಿಕ ಹುಳು ಸುಳಿಯಿಂದ ಹೊರಬಂದು ಮೇಯುವುದೂ ಹೆಚ್ಚಾಗಿ ಸಂಜೆಯ ಮೇಲೆಯೇ. ಹೊಡೆದ ಆರು ತಾಸಿನೊಳಗೆ ಮಳೆ ಬರುವಂತಿದ್ದರೆ ಮುಂದೂಡಿ.

ಕೋನ್ ನಾಜಲ್ ಹಾಕಿ, ಸುಳಿಯ ಮೇಲೆ ಒಂದು ಗೇಣು ಎತ್ತರದಲ್ಲಿ ಹಿಡಿದು, ಒಂದೊಂದು ಗಿಡದ ಮೇಲೂ ಒಂದು ಕ್ಷಣ ನಿಲ್ಲಿಸಿ. ಹನಿ ಸುಳಿಯೊಳಗೆ ಇಳಿಯಬೇಕು. ಸಾಲಿನುದ್ದಕ್ಕೂ ಬೀಸಿಕೊಂಡು ಓಡಿದರೆ ಅರ್ಧ ಔಷಧ ಮಣ್ಣಿಗೆ. ಪುಡಿ ತಳಕ್ಕೆ ಕೂರುವುದರಿಂದ ಆಗಾಗ ಟ್ಯಾಂಕು ಅಲುಗಿಸಿ. ಇಲ್ಲದಿದ್ದರೆ ಮೊದಲ ಸಾಲಿಗೆ ಗಟ್ಟಿ, ಕೊನೆಯ ಸಾಲಿಗೆ ಬರೀ ನೀರು.

ಹೊಡೆಯುವ ಮೊದಲು ಹುಳ ಇರುವ 20 ಗಿಡಕ್ಕೆ ದಾರ ಕಟ್ಟಿ. ಮರುದಿನ ಬೆಳಿಗ್ಗೆ ಹುಳ ಜೀವಂತವಾಗಿಯೇ ಕಾಣುತ್ತದೆ. ಗಾಬರಿಯಾಗಿ ಅಂಗಡಿಗೆ ಓಡಬೇಡಿ, ಹಿಕ್ಕೆ ನೋಡಿ. ಹೊಸ, ಹಸಿ, ಹಸಿರು ಹಿಕ್ಕೆ ಇಲ್ಲದೆ ಹಳೆಯದು ಒಣಗಿ ಕಂದಾಗಿದ್ದರೆ ಹುಳ ಮೇಯುವುದನ್ನು ನಿಲ್ಲಿಸಿದೆ. ನಾಲ್ಕನೇ ದಿನ ಮತ್ತೆ ಎಣಿಸಿ. ದಾರ ಕಟ್ಟಿದ ಗಿಡಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹುಳ ಇನ್ನೂ ಮೇಯುತ್ತಿದ್ದರೆ ನೀರು, ಗಾತ್ರ, ಪುಡಿಯ ತಾರೀಖು ಮೂರನ್ನೂ ಮತ್ತೆ ಪರಿಶೀಲಿಸಿ.

ಸುಳಿಯಿಂದ ದಿನವೂ ಹೊಸ ಎಲೆ ಹೊರಬರುತ್ತದೆ, ಅದರ ಮೇಲೆ ಔಷಧ ಇರುವುದಿಲ್ಲ. ಹಿಂದಿನಿಂದ ಒಡೆಯುವ ಮೊಟ್ಟೆಗಳೂ ಇರುತ್ತವೆ. ಆದ್ದರಿಂದ ಏಳರಿಂದ ಹತ್ತು ದಿನಕ್ಕೆ ಇನ್ನೊಂದು ಸಿಂಪಡಣೆ ಬೇಕಾಗುತ್ತದೆ. ಮೂರನೆಯದೂ ಬೇಕೆನಿಸಿದರೆ ಬಿ.ಟಿ. ಬದಲು ಬೇವು ಅಥವಾ ಮೆಟಾರೈಜಿಯಂ ರಿಲೇಯಿ ಶಿಲೀಂಧ್ರ (ಲೀಟರಿಗೆ 5 ಗ್ರಾಂ) ಹೊಡೆಯಿರಿ. ಒಂದೇ ಪ್ರೋಟೀನನ್ನು ಬಿಡದೆ ತಿನ್ನಿಸಿದರೆ ಏನಾಗುತ್ತದೆಂದು ಹತ್ತಿಯಲ್ಲಿ ನೋಡಿದ್ದೇವೆ: 2002ರಲ್ಲಿ, ಗಿಡವೇ ಒಂದು ಕ್ರೈ ಪ್ರೋಟೀನ್ ತಯಾರಿಸುವ ಬಿ.ಟಿ. ಹತ್ತಿ ಬಂತು, 2006ರಲ್ಲಿ ಎರಡು ಪ್ರೋಟೀನಿನದು ಬಂತು. ಗುಲಾಬಿ ಕಾಯಿಕೊರಕ ಎರಡನ್ನೂ ಜಯಿಸಿಬಿಟ್ಟಿತು.

ಹಿಪ್ಪುನೇರಳೆ ಪಕ್ಕದಲ್ಲಿದ್ದರೆ

ಈ ಬ್ಯಾಕ್ಟೀರಿಯಾ ಮೊದಲು ಪತ್ತೆಯಾದದ್ದೇ ಸತ್ತ ರೇಷ್ಮೆ ಹುಳುವಿನಲ್ಲಿ, 1901ರಲ್ಲಿ ಜಪಾನಿನಲ್ಲಿ. ಹತ್ತು ವರ್ಷದ ನಂತರ ಜರ್ಮನಿಯ ತುರಿಂಜಿಯಾ ಪ್ರಾಂತ್ಯದ ಹಿಟ್ಟಿನ ಪತಂಗದ ಮರಿಯಲ್ಲಿ ಮತ್ತೆ ಸಿಕ್ಕಿ ಅಲ್ಲಿನ ಹೆಸರು ಪಡೆಯಿತು. ರೇಷ್ಮೆ ಹುಳುವೂ ಪತಂಗದ ಮರಿಯೇ, ಕುರ್ಸ್ಟಾಕಿ ಅದನ್ನೂ ಕೊಲ್ಲುತ್ತದೆ. ನಿಮ್ಮದೋ ಪಕ್ಕದವರದೋ ಹಿಪ್ಪುನೇರಳೆ ತೋಟ ಬದುವಿಗೆ ತಾಗಿದ್ದರೆ ಬಿ.ಟಿ. ಹೊಡೆಯಲೇಬೇಡಿ. ಸ್ವಲ್ಪ ದೂರವಿದ್ದರೂ ಗಾಳಿ ಆ ಕಡೆ ಬೀಸುವಾಗ ಬೇಡ, ಹೊಡೆಯುವ ಮುನ್ನ ಅವರಿಗೊಂದು ಮಾತು ಹೇಳಿ. ಅದೇ ಬಟ್ಟೆಯಲ್ಲಿ ಹುಳು ಸಾಕುವ ಮನೆಯೊಳಗೆ ಕಾಲಿಡಬಾರದು. ಆ ಪಂಪನ್ನು ಹಿಪ್ಪುನೇರಳೆಗೆ ಬಳಸಲೂಬಾರದು.

ಬೇರೆ ಬೆಳೆಗಳಲ್ಲಿ

ಈರುಳ್ಳಿ ನುಸಿಗೆ (ಥ್ರಿಪ್ಸ್) ಬಿ.ಟಿ. ಕೇಳಿಕೊಂಡು ಬರುವವರಿದ್ದಾರೆ. ಕೆಲಸ ಮಾಡುವುದಿಲ್ಲ. ನುಸಿ, ಹೇನು, ಬಿಳಿನೊಣ ಎಲ್ಲ ಗಿಡದೊಳಗಿನ ರಸ ಹೀರುವಂಥವು, ಎಲೆಯ ಮೇಲೆ ಬಿದ್ದ ಹರಳು ಅವುಗಳ ಹೊಟ್ಟೆ ಸೇರುವುದೇ ಇಲ್ಲ. ತೊಗರಿ, ಕಡಲೆಯ ಕಾಯಿಕೊರಕಕ್ಕೆ ಹೂವಿನ ಹಂತದಲ್ಲಿ, ಹುಳ ಕಾಯಿಯೊಳಗೆ ಸೇರುವ ಮೊದಲು ಹೊಡೆಯಬೇಕು. ದಾಳಿಂಬೆ ಹಣ್ಣುಕೊರಕಕ್ಕೂ ಇದೇ ಮಾತು: ಮರಿ ಹಣ್ಣೊಳಗೆ ಹೊಕ್ಕ ಮೇಲೆ ಹೊರಗಿನ ಔಷಧ ಅದಕ್ಕೆ ತಲುಪುವುದಿಲ್ಲ.

ಹುಳ ಯಾವುದೆಂದು ಗುರುತು ಸಿಗದಿದ್ದರೆ ನಾಲ್ಕೈದು ಜೀವಂತ ಹುಳಗಳನ್ನು ತಿಂದ ಎಲೆಯ ಸಮೇತ ಗಾಳಿಯಾಡುವ ಡಬ್ಬಿಗಳಲ್ಲಿ ಹಾಕಿಕೊಂಡು ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಕ್ಕೋ, ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಸಂಶೋಧನಾ ಕೇಂದ್ರಕ್ಕೋ ಒಯ್ಯಿರಿ. ಒಂದೊಂದು ಹುಳಕ್ಕೆ ಒಂದೊಂದು ಡಬ್ಬಿ ಬೇಕು. ಒಟ್ಟಿಗೆ ಇಟ್ಟರೆ ಸೈನಿಕ ಹುಳುಗಳು ಒಂದನ್ನೊಂದು ತಿಂದು, ಅಲ್ಲಿಗೆ ಮುಟ್ಟುವಷ್ಟರಲ್ಲಿ ಒಂದೇ ಉಳಿದಿರುತ್ತದೆ.