ಎರಡು ದಡ, ಎರಡು ಫಸಲಿ: ಕಾನೂನಿನ ಇತಿಹಾಸ ಕಲಿಸಿದ ನನ್ನ ಅನುಭವ

ಬಳ್ಳಾರಿಯಲ್ಲಿ ಕಾನೂನಿನ ಇತಿಹಾಸವನ್ನು ಬೋಧಿಸತೊಡಗಿದ ಮೊದಲ ವರ್ಷಗಳಲ್ಲಿ ನಾನು ಪಠ್ಯದಲ್ಲಿದ್ದ ಸನದುಗಳನ್ನೂ ಕಲ್ಕತ್ತೆಯ ಸುಪ್ರೀಂ ಕೋರ್ಟನ್ನೂ ವಿವರಿಸಿ ತೃಪ್ತನಾಗುತ್ತಿದ್ದೆ. ನನ್ನ ದಾರಿ ಬದಲಾದದ್ದು ವಿದ್ಯಾರ್ಥಿಯೊಬ್ಬ ಕೊಪ್ಪಳದ ಕಡೆಯ ತನ್ನ ಮನೆತನದ ಜಮೀನಿನ ಹಳೆಯ ಕಾಗದಗಳನ್ನು ತಂದು ತೋರಿಸಿದ ದಿನ. ಅದರಲ್ಲಿದ್ದ ಫಸಲಿ (ಕಂದಾಯದ ವರ್ಷ) 1358ಕ್ಕೆ 590 ಕೂಡಿಸಿ, ಬಳ್ಳಾರಿ ಹಿಂದೆ ಸೇರಿದ್ದ ಮದ್ರಾಸು ಪ್ರಾಂತ್ಯದ ಪದ್ಧತಿಯಂತೆ, 1948ರ ಜುಲೈಯಿಂದ ಮುಂದಿನ ಜೂನ್‌ವರೆಗಿನ ಅವಧಿಯೆಂದು ಬರೆದುಕೊಟ್ಟೆ. ಕಂದಾಯ ಕಚೇರಿಯ ನಿವೃತ್ತ ಶಿರಸ್ತೇದಾರರೊಬ್ಬರು ಅದನ್ನು ನೋಡಿ, ಕೊಪ್ಪಳವಿದ್ದ ನಿಜಾಮರ ಹೈದರಾಬಾದ್ ಸೀಮೆಯಲ್ಲಿ ಫಸಲಿ ಶುರುವಾಗುತ್ತಿದ್ದದ್ದು ಅಕ್ಟೋಬರಿನಲ್ಲಿ ಎಂದು ತಿದ್ದಿದರು. 1949ರ ಆಗಸ್ಟಿನಲ್ಲಿ ಬಂದ ಜಾಗೀರು (ಕಂದಾಯದ ಹಕ್ಕಿನೊಡನೆ ಒಬ್ಬರಿಗೆ ಬಿಟ್ಟುಕೊಟ್ಟ ಸೀಮೆ) ರದ್ದತಿಯ ಶಾಸನ ಹೈದರಾಬಾದಿನ ಲೆಕ್ಕದಲ್ಲಿ 1358ನೇ ಫಸಲಿಯದು; ತುಂಗಭದ್ರಾ ಹೊಳೆಯ ಈಚೆ ಬಳ್ಳಾರಿಯಲ್ಲಿ ಆ ಹೊತ್ತಿಗೆ 1359 ನಡೆದಿತ್ತು. ಕೊಪ್ಪಳ ಸಾಲಾರ್ ಜಂಗರ ಜಾಗೀರಾಗಿದ್ದುದರಿಂದ, ಕಾಗದ ಜಾಗೀರುದಾರರ ಕಾಲದ್ದೋ ಸರ್ಕಾರದ್ದೋ ಎಂಬ ಪ್ರಶ್ನೆ ಆ ಕೆಲವೇ ತಿಂಗಳುಗಳ ಮೇಲೆ ನಿಂತಿತ್ತು.

ಅಂದಿನಿಂದ ಯಾವ ಕಡತ ತೆರೆದರೂ, ಆ ದಿನ ಆ ಊರು ಯಾರ ಆಳ್ವಿಕೆಯಲ್ಲಿತ್ತು, ಊರಿನ ಲೆಕ್ಕ ಬರೆದವರು ಮದ್ರಾಸಿನ ಕರಣಂರೋ ಹೈದರಾಬಾದಿನ ಪಟ್ವಾರಿಯೋ, ಮೇಲ್ಮನವಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಮೊದಲು ಬರೆದಿಟ್ಟುಕೊಳ್ಳುತ್ತೇನೆ. 1800ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿ, ಅದರ ಅಧಿಕಾರಿ ಥಾಮಸ್ ಮನ್ರೋರ ರೈತವಾರಿಯನ್ನು (ರೈತನಿಂದಲೇ ನೇರವಾಗಿ ಕಂದಾಯ ಪಡೆಯುವ ಪದ್ಧತಿ) ಕಂಡ ಬಳ್ಳಾರಿ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಬಂತು. ಹೈದರಾಬಾದಿನಲ್ಲಿದ್ದ ರಾಯಚೂರು, ಅದರೊಡನೆ ಕೊಪ್ಪಳ, ಬಂದದ್ದು 1956ರಲ್ಲಿ.

ಆರ್ಥಿಕ ಆಡಳಿತದ ಅಧ್ಯಯನಕ್ಕೆ ನನ್ನನ್ನು ಎಳೆದದ್ದು ಸಂಡೂರಿನ ಬೆಟ್ಟಗಳು. 1949ರವರೆಗೆ ಪ್ರತ್ಯೇಕ ಸಂಸ್ಥಾನವಾಗಿದ್ದ ಆ ನೆಲದ ಅದಿರಿನ ಹಕ್ಕನ್ನು ಬರಿಯ 1957ರ ಗಣಿ ಕಾಯ್ದೆಯಿಂದ ಅರ್ಥಮಾಡಿಕೊಳ್ಳಲಾಗದು ಎಂಬುದು ನನ್ನ ದೃಢ ಅಭಿಪ್ರಾಯ. 2011ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿ, 2013ರ ಏಪ್ರಿಲ್ ತೀರ್ಪಿನಲ್ಲಿ ಅಕ್ರಮದ ಪ್ರಮಾಣಕ್ಕೆ ತಕ್ಕಂತೆ ಗುತ್ತಿಗೆಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿಕೊಂಡದ್ದನ್ನು, ಜಿಲ್ಲೆಯ ಅದಿರಿಗೆ ವರ್ಷಕ್ಕೆ 2.5 ಕೋಟಿ ಟನ್ನಿನ ಮಿತಿ ಹಾಕಿದ್ದನ್ನು ತರಗತಿಯಲ್ಲಿ ವಾರಗಟ್ಟಲೆ ಓದಿದೆವು. ಎಷ್ಟು ಅಗೆಯಬೇಕೆಂಬುದನ್ನು ನ್ಯಾಯಾಲಯವೇ ನಿಗದಿಪಡಿಸುವುದು ಸಣ್ಣ ಸಂಗತಿಯಲ್ಲ. ಹೊಟ್ಟೆಪಾಡು ಹೋದ ಲಾರಿ ಚಾಲಕರ ಮಕ್ಕಳೂ, ಕೆಂಧೂಳಿನಲ್ಲಿ ಬೆಳೆ ಕಳೆದುಕೊಂಡ ರೈತರ ಮಕ್ಕಳೂ ಒಂದೇ ಬೆಂಚಿನಲ್ಲಿ ಕುಳಿತು ಅದನ್ನು ಚರ್ಚಿಸಿದರು.

ಈಗಲೂ ಹೊಸ ತಂಡಕ್ಕೆ ನಾನು ಕೊಡುವ ಮೊದಲ ಕೆಲಸ, ತಮ್ಮ ಊರಿನ ಒಂದು ಸರ್ವೆ ನಂಬರಿನ ಹಳೆಯ ಪಹಣಿಗಳನ್ನು ತಾಲ್ಲೂಕು ಕಚೇರಿಯಿಂದ ನಕಲು ಪಡೆದು ತರುವುದು.